ಮೊದಲ ಮನೆಯ ಬಾಣಂತಿ

ಫೆಬ್ರವರಿ ೬

ಪ್ರೀತಿಯ ಕೊನೇಮನೆ ಅಕ್ಕ,

ಈಗ ಬರೆಯುತ್ತಿರುವ ಮಾತನ್ನು ನಾನು ಬರೆಯದೇ ಬಿಡುವುದರಲ್ಲಿದ್ದೆ. ನಿಮ್ಮ ಮನೆಯಲ್ಲಿ ಹುಲಿಯೊಂದು ಮರಿ ಹಾಕಿದೆ.

ಈಗಿರುವ ಕಾಲೋನಿಯ ಮನೆಯಲ್ಲಲ್ಲ, ಗಾಬರಿಯಾಗಬೇಡಿ. ಕಾಡಿನೊಳಗೆ ಬಿಟ್ಟು ಬಂದಿರಲ್ಲ, ಆ ಹಳೆಯ ಮನೆಯಲ್ಲಿ. ಕಾಡಿನ ದಾರಿಗಳಲ್ಲಿ ನಾವು ಮರಕ್ಕೆ ಕಟ್ಟಿರುವ ಕ್ಯಾಮೆರಾಗಳು ತೆಗೆದ ಚಿತ್ರಗಳನ್ನು ನಾನು ಇಲ್ಲಿ ನಗರದ ಆಫೀಸಿನಲ್ಲಿ ಕೂತು ನೋಡುತ್ತೇನೆ, ಪಟ್ಟೆ ಹೋಲಿಸಿ ಯಾವುದು ಯಾವ ಹುಲಿ ಎಂದು ಗುರುತು ಹಾಕುತ್ತೇನೆ. ನೀವು ಅದನ್ನು ಹುಲಿಗಳ ಜನಗಣತಿ ಎಂದು ನಗುತ್ತಿದ್ದಿರಿ. ಮೊನ್ನೆ ಬಂದ ಚಿತ್ರದಲ್ಲಿ ಅವಳು ಮರಿಯ ಕತ್ತನ್ನು ಬಾಯಲ್ಲಿ ಹಿಡಿದು ಅಡುಗೆಮನೆಯ ಕಲ್ಲಿನ ಹೊಸ್ತಿಲು ದಾಟುತ್ತಿದ್ದಾಳೆ. ಮಾಡಿನ ಅರ್ಧ ಇನ್ನೂ ನಿಂತಿದೆ. ಒಲೆಯ ಹಿಂದಿನ ಗೋಡೆಯ ಮೇಲೆ ನಿಮ್ಮ ಹೊಗೆಯ ಕಪ್ಪು ಹಾಗೇ ಇದೆ. ಆ ಒಲೆಯ ಪಕ್ಕದಲ್ಲೇ ಒಟ್ಟು ಮೂರು ಮರಿಗಳು, ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ.

ನೀವೆಲ್ಲ ಅಲ್ಲಿದ್ದಾಗ ಆ ಕಣಿವೆಯಲ್ಲಿ ಹುಲಿ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನೀವು ಹೊರಟು ಬಂದ ಮೇಲೆ ಜಿಂಕೆ ಹೆಚ್ಚಿದವು, ಈಗ ಇವಳು ನಿಂತಿದ್ದಾಳೆ. ಇದನ್ನು ಸಂತೋಷದಿಂದ ಬರೆಯುವಾಗಲೇ ನನಗೆ ಒಳಗೊಳಗೇ ಸಂಕೋಚ. ನನ್ನ ಸಂತೋಷಕ್ಕೆ ಮನೆ ಬಿಟ್ಟವರು ನೀವು.

ಈಗ ಕಷ್ಟದ ಮಾತು. ಮಾರ್ಚಿನಲ್ಲಿ ನೀವೆಲ್ಲ ಹಳೆಯ ಊರಿಗೆ ಹೋಗುವವರಿದ್ದೀರಿ. ವರ್ಷಕ್ಕೊಂದು ದಿನ ಹೋಗಿ ನಿಮ್ಮವರ ಸಮಾಧಿಗಳ ಕಳೆ ಕಿತ್ತು ಬರಬಹುದು ಎಂಬ ಮಾತಿನ ಮೇಲೆಯೇ ನೀವು ಊರು ಬಿಡಲು ಸಹಿ ಹಾಕಿದ್ದು. ಈ ಸಲ ಅಷ್ಟು ಜನ ಅಲ್ಲಿಗೆ ಹೋದರೆ ಅವಳು ಮರಿಗಳನ್ನು ಎತ್ತಿಕೊಂಡು ಜಾಗ ಬದಲಿಸುತ್ತಾಳೆ. ಕಣಿವೆಯಲ್ಲಿ ಹೊಸದಾಗಿ ಒಂದು ಗಂಡು ಓಡಾಡುತ್ತಿದೆ, ತನ್ನದಲ್ಲದ ಮರಿಗಳು ಸಿಕ್ಕರೆ ಅದು ಉಳಿಸುವುದಿಲ್ಲ. ಗೋಡೆ ಮರೆಯಿರುವ ಜಾಗ ಅವಳಿಗೆ ಮತ್ತೆ ಸಿಗದಿರಬಹುದು.

ಅರಣ್ಯ ಇಲಾಖೆಯಿಂದ ನಿಮಗೆ 'ಅನಿವಾರ್ಯ ಕಾರಣಗಳಿಂದ ಅನುಮತಿ ಇಲ್ಲ' ಎಂಬ ಕಾಗದ ಬರುವುದಿತ್ತು. ಒಂದು ತಿಂಗಳು ತಡೆಹಿಡಿಯಿರಿ ಎಂದು ಕೇಳಿಕೊಂಡಿದ್ದೇನೆ. ಮರಿಗಳಿರುವ ಜಾಗವನ್ನು ಹೊರಗಿನವರಿಗೆ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಆದರೆ ಆ ಮನೆಗೆ ನೀವು ಹೊರಗಿನವರೇ? ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಇಡೀ ಬೀದಿ ಮಾತಾಡುತ್ತದೆ.

ಕಾಲೋನಿಯ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಯಾರ ಮಗಳು, ಯಾಕೆ ಬಂದಳು ಎಂದು ಕೇಳದೆ ನೋಡಿಕೊಂಡಿರಿ. ಆ ಸಲಿಗೆಯಲ್ಲಿ ಕೇಳುತ್ತಿದ್ದೇನೆ. ಈ ಸಲ ಹೋಗದೇ ಇರಲು ಸಾಧ್ಯವೇ? ಯಾರಿಗೂ ಹೇಳದೆ?

ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ
ಹುಲಿ ಮೇಡಂ


ಫೆಬ್ರವರಿ ೧೫

ಹುಲಿ ಮೇಡಂ ಅವರಿಗೆ,

ಪತ್ರ ಬಂತು. ಅಂಚೆಯವನು ಕವರನ್ನು ಬಿಸಿಲಿಗೆ ಹಿಡಿದು, "ಈ ಕಾಲದಲ್ಲಿ ಪತ್ರ ಯಾರಮ್ಮಾ ಬರೀತಾರೆ? ಕೋರ್ಟಿಂದಲ್ಲ ತಾನೇ?" ಅಂದ. "ನೆಂಟರದು" ಅಂದೆ. ಸುಳ್ಳಲ್ಲ ತಾನೇ?

ಓದಿ ಮೊದಲು ನಕ್ಕೆ. ನಮ್ಮ ಯಜಮಾನರು, "ಏನೇ ಅದು, ಒಬ್ಬಳೇ ನಗ್ತಿದೀಯ?" ಅಂದರು. 'ಮನೆಗೆ ಬಾಣಂತಿ ಬಂದಿದಾಳೆ' ಅನ್ನುವುದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಬಾಡಿಗೆ ಇಲ್ಲ, ಹೇಳಿಲ್ಲ ಕೇಳಿಲ್ಲ, ನೇರ ಅಡುಗೆಮನೆಗೇ ನುಗ್ಗಿದ್ದಾಳೆ ನೋಡಿ!

ಇನ್ನೊಂದು ಸಲ ಓದಿದಾಗ ನಗು ನಿಂತುಹೋಯಿತು. ಮೇಡಂ, ಅದು ನನ್ನ ಮನೆಯಲ್ಲ.

ನನ್ನ ಅಡುಗೆಮನೆಗೆ ಕಲ್ಲಿನ ಹೊಸ್ತಿಲು ಎಲ್ಲಿತ್ತು? ಮರದ ಹಲಗೆ, ಅದೂ ಗೆದ್ದಲು ತಿಂದದ್ದು. ಇಡೀ ಊರಲ್ಲಿ ಕಲ್ಲಿನ ಹೊಸ್ತಿಲು ಇದ್ದದ್ದು ಒಬ್ಬಳ ಮನೆಗೆ, ನನ್ನ ಓರಗಿತ್ತಿಯ ಮನೆಗೆ. ನಮ್ಮೂರಿನ ಮನೆಗಳು ಒಂದೇ ಸಾಲು. ನಾವು ಎಣಿಸುವುದು ಹೊಳೆಯ ಕಡೆಯಿಂದ. ಹೊಳೆಯ ಹತ್ತಿರದ್ದು ಅವಳದು, ಮೊದಲ ಮನೆ. ಬೆಟ್ಟದ ಬುಡದ್ದು ನನ್ನದು, ಕೊನೇಮನೆ. ನಿಮ್ಮವರು ಬೆಟ್ಟದ ಕಡೆಯಿಂದ ಇಳಿದು ಎಣಿಸಿರಬೇಕು, ಅವಳನ್ನು ಕೊನೆಗೆ ತಳ್ಳಿದ್ದಾರೆ. ಅವಳಿಗೆ ಗೊತ್ತಾದರೆ ಇದಕ್ಕೂ ಒಂದು ಜಗಳ ಇದೆ.

ಅವಳ ವಿಷಯ ನಿಮಗೆ ಪೂರ್ತಿ ಗೊತ್ತಿಲ್ಲ. ನೀವು ಕಾಲೋನಿಯಲ್ಲಿ ನಮ್ಮ ಮನೆಯಲ್ಲಿ ಇದ್ದಾಗ ಗೋಡೆಯಾಚೆಯ ಮನೆಯಿಂದ ಯಾರೋ ಕೋಳಿಗೆ ಬೈಯುತ್ತಿದ್ದರಲ್ಲ, ಅವಳೇ. ಬೈಗುಳ ಕೋಳಿಗಲ್ಲ, ನನಗೆ. ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಅವಳಿಗೆ ಹೇಳಬೇಕಾದ್ದನ್ನು ನಾನು ಆಡಿಗೆ ಹೇಳುತ್ತೇನೆ, ನನಗೆ ಹೇಳಬೇಕಾದ್ದನ್ನು ಅವಳು ಕೋಳಿಗೆ ಹೇಳುತ್ತಾಳೆ.

ಅವಳಿಗೊಬ್ಬಳು ಮಗಳಿದ್ದಳು. ಚಿಕ್ಕ ಮಗು, ಇನ್ನೂ ಜಡೆಗೆ ಕೂದಲು ಸಾಲುತ್ತಿರಲಿಲ್ಲ. ಜ್ವರ ಬಂತು. ಆಸ್ಪತ್ರೆಗೆ ಎತ್ತಿಕೊಂಡು ಹೊರಟವರು ಹೊಳೆ ದಾಟುವ ಮುಂಚೆಯೇ ತಿರುಗಿ ಬಂದರು. ಮನೆಯ ಹಿಂದೆಯೇ ಮಣ್ಣು ಮಾಡಿದೆವು. ಊರು ಬಿಡುವ ಮಾತು ಬಂದಾಗ ಎಲ್ಲರೂ ಒಪ್ಪಿದರು, ಆಸ್ಪತ್ರೆ ಹತ್ತಿರ, ಶಾಲೆ ಹತ್ತಿರ ಅಂತ. ಅವಳು ಒಪ್ಪಲಿಲ್ಲ. "ವರ್ಷಕ್ಕೊಂದು ಸಲ ಹೋಗಬಹುದು ಅಕ್ಕಾ, ನಾನೇ ಕೇಳಿಕೊಂಡು ಬಂದಿದೀನಿ" ಅಂತ ಅವಳನ್ನು ಒಪ್ಪಿಸಿದವಳು ನಾನು. ಮೊದಲನೇ ವರ್ಷವೇ ಕಾಡ್ಗಿಚ್ಚಿನ ಕಾಲ ಅಂತ ಕಾಡಿನ ಗೇಟಿನಿಂದ ವಾಪಸ್ ಕಳಿಸಿದರು. ಅವತ್ತು ಬಿಟ್ಟ ಮಾತು. ಆಮೇಲಿನ ವರ್ಷಗಳಲ್ಲಿ ಒಳಗೆ ಬಿಟ್ಟರು, ಆದರೆ ಬಿಟ್ಟ ಮಾತು ಬಿಟ್ಟ ಹಾಗೇ ಉಳಿಯಿತು.

ನನ್ನ ಮನೆಯಾಗಿದ್ದರೆ ಬಾಣಂತಿ ಎಷ್ಟು ದಿನ ಬೇಕಾದರೂ ಇರಲಿ ಅಂತ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಅವಳ ಮನೆಯ ವಿಷಯ ಅವಳಿಗೆ ಹೇಳದೆ ನಾನು ಹೇಗೆ ನುಂಗಲಿ? ಹೇಳಿದರೆ ನಿಮ್ಮ ನಿಯಮ ಮುರಿಯುತ್ತದೆ. ಹೇಳದಿದ್ದರೆ ಎರಡನೇ ಸಲ ಅವಳಿಗೆ ಮೋಸ. ಬೇಗ ಬರೆಯಿರಿ. ಈಗಾಗಲೇ ಬೀದಿಯಲ್ಲಿ ಹೋಗುವ ದಿನದ ಮಾತು ಶುರುವಾಗಿದೆ.

ಇಂತಿ
ಕೊನೇಮನೆಯಾಕೆ


ಫೆಬ್ರವರಿ ೨೨

ಪ್ರೀತಿಯ ಅಕ್ಕ,

ನಿಮ್ಮ ಪತ್ರವನ್ನು ಆಫೀಸಿನ ಮೆಟ್ಟಿಲ ಮೇಲೆಯೇ ನಿಂತು ಓದಿದೆ. ಆಮೇಲೆ ನಕ್ಷೆ ತೆಗೆದು ನೋಡಿದೆ. ನೀವು ಹೇಳಿದ್ದೇ ಸರಿ. ನಮ್ಮ ನಕ್ಷೆಯಲ್ಲಿ ಅದು 'ಕೊನೆಯ ಮನೆ', ನನ್ನ ಮನಸ್ಸಿನಲ್ಲಿ ಕೊನೇಮನೆ ಎಂದರೆ ನೀವು. ಇನ್ನೇನನ್ನೂ ವಿಚಾರಿಸದೆ ಪತ್ರ ಬರೆದೆ. ಒಬ್ಬರಿಗೆ ಸೇರಬೇಕಾದ ಸುದ್ದಿಯನ್ನು ಇನ್ನೊಬ್ಬರ ಬಾಗಿಲಲ್ಲಿ ಇಟ್ಟು ಬಂದಿದ್ದೇನೆ.

ನನ್ನ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರವಾಗುತ್ತಿತ್ತು. "ಒಬ್ಬರಿಗೆ ಹೇಳಿಯಾಗಿದೆ, ಇನ್ನು ಇಬ್ಬರಾಗುತ್ತಾರೆ. ಆಮೇಲೆ ಸಂತೆ" ಎಂದರು. ಸುದ್ದಿ ಬೇಟೆಗಾರರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನನಗೆ ಪಾಠ ಹೇಳಬೇಕಾಗಿಲ್ಲ. ಚರ್ಮ ಸುಲಿದ ಹುಲಿಯನ್ನು ನಾನು ನೋಡಿದ್ದೇನೆ. ಎರಡು ದಿನ ಯೋಚಿಸಿದೆ. ಅವರು ಹೇಳಿದ್ದು ತಪ್ಪಲ್ಲ. ಆದರೂ ನಾನು ಬಂದು ನಿಂತದ್ದು ಬೇರೆ ಕಡೆ.

ನಿಮ್ಮ ಓರಗಿತ್ತಿಗೆ ಹೇಳಿ ಅಕ್ಕ. ಈ ಪತ್ರವನ್ನೇ ಓದಿ ಹೇಳಿ.

ಇದನ್ನೂ ಹೇಳಿ: ಹೋಗುವ ಹಕ್ಕು ಅವರದು. ಹೋಗಲೇಬೇಕು ಎಂದರೆ ನಾನೇ ಗೇಟಿಗೆ ಬರುತ್ತೇನೆ, ಅವರನ್ನು ಹಿಂದಕ್ಕೆ ಕಳಿಸಲು ಬಿಡುವುದಿಲ್ಲ. ಕಾವಲುಗಾರರ ಜೊತೆಗೆ, ದೂರದಿಂದ ಸದ್ದು ಮಾಡಿಕೊಂಡು ಹೋಗೋಣ, ಹುಲಿಗೆ ಹೊರಟುಹೋಗಲು ಸಮಯ ಸಿಗುವ ಹಾಗೆ. ಮರಿಗಳು ಉಳಿಯುತ್ತವೋ ಇಲ್ಲವೋ ನಾನು ಭರವಸೆ ಕೊಡಲಾರೆ. ಉಳಿಯದಿದ್ದರೂ ಅವರನ್ನು ದೂರುವುದಿಲ್ಲ. ಹೋಗುವುದಿಲ್ಲ ಎಂದರೆ, ಅವಳು ಜಾಗ ಬಿಟ್ಟ ಕೂಡಲೇ ಅವರ ದಿನವನ್ನು ಅವರಿಗೆ ಕೊಡಿಸುತ್ತೇನೆ. ಅದಕ್ಕೆ ಇಲಾಖೆಯ ಸಹಿಯನ್ನು ಈಗಲೇ ಹಾಕಿಸಿ ಇಟ್ಟುಕೊಂಡಿದ್ದೇನೆ.

ಹೀಗೆ ಬರೆಯುವುದು ನನಗೆ ಸುಲಭವಲ್ಲ. ಆ ಕಣಿವೆಯಲ್ಲಿ ಮರಿ ಕಾಣಲು ನಾವು ಕಾದ ವರ್ಷಗಳಲ್ಲಿ ನನ್ನ ಕೂದಲು ಬೆಳ್ಳಗಾಯಿತು. ಆದರೆ ಕೇಳದೆ ಉಳಿಸಿಕೊಂಡದ್ದು ಎಷ್ಟು ದಿನ ಉಳಿದೀತು ಎಂಬ ಅನುಮಾನ ನನಗೆ ಹುಟ್ಟಿಬಿಟ್ಟಿದೆ.

ನಿಮ್ಮ
ಹುಲಿ ಮೇಡಂ


ಮಾರ್ಚ್ ೯

ಹುಲಿ ಮೇಡಂ ಅವರಿಗೆ,

ಪತ್ರ ಬಂದ ಮೇಲೂ ನಾಲ್ಕು ದಿನ ಮೀನಮೇಷ ಎಣಿಸಿದೆ. ಆಮೇಲೆ ಒಂದು ಬೆಳಿಗ್ಗೆ ಅವಳ ಮುಂಬಾಗಿಲಿಗೆ ಹೋದೆ. ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ಕೋಳಿಯ ಕಡೆ ತಿರುಗಿದಳು. "ನೋಡೇ, ಯಾರದೋ ಆಡು ಹಗ್ಗ ಬಿಚ್ಚಿಕೊಂಡು ಬಂದಿದೆ."

"ಆಡಲ್ಲ ಅಕ್ಕಾ, ನಾನೇ. ಒಳಗೆ ಬರ್ಲಾ?"

"ಬಂದಾಯ್ತಲ್ಲ."

ಸುತ್ತಿ ಬಳಸಿ ಹೇಳುವ ಅಂತಿದ್ದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ. "ಹಳೇ ಊರಲ್ಲಿ, ನಿನ್ನ ಮನೇಲಿ ಹುಲಿ ಮರಿ ಹಾಕಿದೆ" ಅಂದೆ.

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. "ಯಾವ ಕಡೆ?"

"ಯಾವ ಕಡೆ ಅಂದ್ರೆ?"

"ಒಲೆ ಕಡೆನಾ, ಕಿಟಕಿ ಕಡೆನಾ?"

"ಒಲೆ ಕಡೆ."

"ಅಲ್ಲಿ ಸೋರುತ್ತೆ. ನಿನ್ನ ಭಾವನಿಗೆ ಹೇಳಿ ಹೇಳಿ ಸಾಕಾಯ್ತು, ಆ ಮೂಲೆ ಹೆಂಚು ಒಂದು ಬದಲಾಯಿಸಲಿಲ್ಲ. ಮಳೆ ಬಂದ್ರೆ ಮರಿಗಳು ನೆನೀತಾವೆ."

ಒಳಗಿಂದ ನಮ್ಮ ಭಾವನವರು, "ಈಗ ಹೋಗಿ ಬದಲಾಯಿಸಿ ಬರ್ಲಾ?" ಅಂದರು. "ಹೋಗಿ, ಅದಕ್ಕೂ ಊಟ ಆಗುತ್ತೆ" ಅಂದಳು ಇವಳು. ಅಂದರೆ ಮೂರನೆಯವರಿಗೂ ಗೊತ್ತಾಯಿತು ಮೇಡಂ, ಕ್ಷಮಿಸಿ. ಅವರು ಬಾಯಿ ಬಿಡುವವರಲ್ಲ, ಬಿಡಲು ಅವಳು ಅವಕಾಶವನ್ನೂ ಕೊಡುವುದಿಲ್ಲ.

ಆಮೇಲೆ ಅವಳು ಕೂತಳು. ಬಟ್ಟೆ ಕೆಳಗಿಟ್ಟು ಕೇಳಿದಳು, "ಹಿಂದುಗಡೆಗೆ ಹೋಗುತ್ತಾ ಅದು?"

ಹಿಂದುಗಡೆ ಏನಿದೆ ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. "ಗೊತ್ತಿಲ್ಲ ಅಕ್ಕಾ. ಮೇಡಂಗೂ ಗೊತ್ತಿಲ್ಲ."

ನಿಮ್ಮ ಪತ್ರ ಓದಿ ಹೇಳಿದೆ. ಹಕ್ಕು ಅವರದು ಅನ್ನುವ ಕಡೆ ಬಂದಾಗ, "ಇನ್ನೊಂದ್ಸಲ ಓದು" ಅಂದಳು. ಓದಿದೆ.

"ನಾನು ಹೋಗ್ತೀನಿ ಅಂದ್ರೆ ಬಿಡ್ತಾಳಾ ಆಯಮ್ಮ?"

"ಜೊತೆಗೆ ಬರ್ತಾರಂತೆ."

"ಮರಿ ಸತ್ರೂ?"

"ಸತ್ರೂ."

ಒದ್ದೆ ಬಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಅಷ್ಟು ಸಾಕು ಬಿಡು. ಕೇಳಿದ್ರಲ್ಲ. ಅವತ್ತು ಗೇಟಲ್ಲಿ ಯಾರೂ ಕೇಳಲಿಲ್ಲ."

ಹೋಗುವ ದಿನ ಗೊತ್ತು ಮಾಡಲು ಭಾನುವಾರ ಎಲ್ಲರೂ ಸೇರಿದರು. ಪ್ರತಿವರ್ಷ ಎಲ್ಲರಿಗಿಂತ ಮೊದಲು ಹಟ ಹಿಡಿಯುವವಳು ಅವಳು. ಅವಳೇ ಎದ್ದು, "ಈ ಸಲ ನನಗೆ ಮನಸ್ಸಿಲ್ಲ. ಯಾರೂ ಹೋಗೋದು ಬೇಡ, ಮಳೆಗಾಲಕ್ಕೆ ಮುಂಚೆ ನೋಡೋಣ" ಅಂದಳು. ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು. ಅವಳೇ ಬೇಡ ಅಂದ ಮೇಲೆ ಹೋಗೋಣ ಅನ್ನುವ ಬಾಯಿ ಯಾರಿಗಿದೆ? ನಮ್ಮ ಹಿಟ್ಟಿನ ಗಿರಣಿಯವಳು ಮಾತ್ರ ಚುಚ್ಚಿದಳು. "ಇಷ್ಟು ವರ್ಷ ಮಗಳು ಮಗಳು ಅಂತಿದ್ದೆ. ಮರ್ತೋಯ್ತಾ?"

"ಮರ್ತೋಯ್ತು ಅಂದ್ಕೋ" ಅಂದಳು ನನ್ನ ಓರಗಿತ್ತಿ.

ನಾನು ಬಾಯಿ ತೆರೆದಿದ್ದೆ ಮೇಡಂ. ಅವಳು ನನ್ನ ಕಾಲು ತುಳಿದಳು. ಇನ್ನೂ ಊದಿಕೊಂಡಿದೆ.

ಇಂತಿ
ಕೊನೇಮನೆಯಾಕೆ


ಏಪ್ರಿಲ್ ೧೨

ಪ್ರೀತಿಯ ಅಕ್ಕ,

ಉತ್ತರಕ್ಕೆ ಇಷ್ಟು ದಿನ ತೆಗೆದುಕೊಂಡೆ. ನಿಮ್ಮ ಪತ್ರಕ್ಕೆ ಸಮನಾದದ್ದು ಏನು ಬರೆದರೂ ಚಿಕ್ಕದಾಗಿ ಕಾಣುತ್ತಿತ್ತು. ಧನ್ಯವಾದ ಎಂಬ ಪದವನ್ನು ಲಿಫ್ಟಿನ ಬಾಗಿಲು ಹಿಡಿದವರಿಗೂ ಹೇಳುತ್ತೇನೆ, ಪೆನ್ನು ಎರವಲು ಕೊಟ್ಟವರಿಗೂ ಹೇಳುತ್ತೇನೆ. 'ಮರ್ತೋಯ್ತು ಅಂದ್ಕೋ' ಎಂದ ಆ ತಾಯಿಗೂ ಅದನ್ನೇ ಹೇಳುವುದು ಹೇಗೆ?

ಅದರ ಬದಲು ಸುದ್ದಿ ಹೇಳುತ್ತೇನೆ. ಕಳೆದ ವಾರ ಅಕಾಲದಲ್ಲಿ ಜೋರು ಮಳೆ ಬಿತ್ತು. ನನಗೆ ಮೊದಲು ನೆನಪಾದದ್ದು ಒಲೆಯ ಮೂಲೆಯ ಹೆಂಚು. ಆಫೀಸಿನಲ್ಲಿ ಕೂತು ಒಂದು ಹೆಂಚಿಗಾಗಿ ಇಷ್ಟು ಚಡಪಡಿಸುತ್ತೇನೆಂದು ಎಣಿಸಿರಲಿಲ್ಲ. ಮೊನ್ನೆ ಚಿತ್ರಗಳು ಬಂದವು. ನಿಮ್ಮ ಓರಗಿತ್ತಿಗೆ ಹೇಳಿ, ತಾಯಿಹುಲಿ ಮರಿಗಳನ್ನು ಕಿಟಕಿಯ ಕಡೆಗೆ ಬದಲಾಯಿಸಿದ್ದಾಳೆ. ಮುರಿದ ಬಾಗಿಲಿನ ಸಂದಿಯಲ್ಲಿ ಎರಡು ತಲೆ ಕಾಣುತ್ತವೆ, ಒಂದರ ಬೆನ್ನ ಮೇಲೆ ಇನ್ನೊಂದು ಹತ್ತಲು ನೋಡುತ್ತಿದೆ. ಮೂರನೆಯದು ಆ ಚಿತ್ರದಲ್ಲಿಲ್ಲ. ಒಳಗಿರಬಹುದು ಎಂದುಕೊಂಡಿದ್ದೇನೆ. ಇಲ್ಲದೆಯೂ ಇರಬಹುದು. ಕಾಡಿನಲ್ಲಿ ಎಲ್ಲ ಮರಿಗಳೂ ಉಳಿಯುವುದು ಅಪರೂಪ.

ಚಿತ್ರವನ್ನು ಅಂಚೆಯಲ್ಲಿ ಕಳಿಸಲಾರೆ. ಯಾರ ಕೈಗಾದರೂ ಸಿಕ್ಕೀತು. ಬಂದಾಗ ತರುತ್ತೇನೆ.

ಮೇಲಧಿಕಾರಿ ಮೊನ್ನೆ ನನ್ನ ಮೇಜಿನ ಹತ್ತಿರ ನಿಂತು, "ಸಂತೆ ನೆರೆಯಲಿಲ್ಲವಲ್ಲ" ಎಂದರು. ಅದು ಅವರ ಬಾಯಲ್ಲಿ ದೊಡ್ಡ ಮಾತು.

ನಿಮ್ಮ
ಹುಲಿ ಮೇಡಂ


ಏಪ್ರಿಲ್ ೨೪

ಹುಲಿ ಮೇಡಂ ಅವರಿಗೆ,

ಕಿಟಕಿ ಕಡೆಗೆ ಹೋದಳು ಅಂತ ಕೇಳಿ ನನ್ನ ಓರಗಿತ್ತಿ, "ಪರವಾಗಿಲ್ಲ, ಬುದ್ಧಿ ಇದೆ" ಅಂದಳು. ಆಮೇಲೆ ಗಂಡನ ಕಡೆ ಒಂದು ನೋಟ ನೋಡಿದಳು. ಪಾಪ, ಎದ್ದು ಹೊರಗೆ ಹೋದರು.

ಅವಳು ಈಗ ದಿನಾ ನನ್ನ ಜೊತೆ ಮಾತಾಡುತ್ತಾಳೆ. ನನ್ನ ಸಾರಿಗೆ ಉಪ್ಪು ಹೆಚ್ಚು, ನನ್ನ ಮೊಮ್ಮಗನಿಗೆ ಸಲಿಗೆ ಹೆಚ್ಚು, ನನ್ನ ಆಡು ಅವಳ ಬೇಲಿ ತಿನ್ನುತ್ತದೆ. ಮಾತು ಬಿಟ್ಟಿದ್ದಾಗಲೇ ಸುಖವಾಗಿತ್ತು ಅನಿಸುತ್ತದೆ. ಉತ್ತರದಲ್ಲಿ ಈ ಮಾತು ಎತ್ತಬೇಡಿ ಮತ್ತೆ, ಅವಳೂ ಕೂತು ಕೇಳುತ್ತಾಳೆ.

ಗಿರಣಿಯವಳು ಇನ್ನೂ ಚುಚ್ಚುತ್ತಾಳೆ. ಹಿಟ್ಟಿಗೆ ಅಂತ ಹೋದ ನನ್ನ ಓರಗಿತ್ತಿ ಕೆಲವು ಸಲ ಹಿಟ್ಟಿಲ್ಲದೆ ವಾಪಸ್ ಬರುತ್ತಾಳೆ. ನಾನು ಹೋಗಿ ಬೀಸಿಸಿಕೊಂಡು ಬರುತ್ತೇನೆ. ಮರಿಗಳ ವಿಷಯ ಅವಳಾಗಿ ಕೇಳುವುದಿಲ್ಲ, ಆದರೆ ಅಂಚೆಯವನ ಸೈಕಲ್ ಸದ್ದಾದರೆ ಹೊರಗೆ ಬಂದು ನಿಲ್ಲುತ್ತಾಳೆ. ಮೂರನೆಯದರ ಸುದ್ದಿ ಏನಾದರೂ ಇದ್ದರೆ ಬರೆಯಿರಿ. ಅವಳಿಗೆ ಅರ್ಧ ಹೇಳಬೇಡಿ. ಏನಿದ್ದರೂ ಪೂರ್ತಿ ಹೇಳಿ.

ಇಂತಿ
ಕೊನೇಮನೆಯಾಕೆ


ಮೇ ೧೬

ಪ್ರೀತಿಯ ಕೊನೇಮನೆ ಅಕ್ಕ, ಮತ್ತು ಜೊತೆಗೆ ಕೂತು ಕೇಳುತ್ತಿರುವ ಮೊದಲ ಮನೆ ಅಕ್ಕ,

ಪೂರ್ತಿಯೇ ಹೇಳುತ್ತೇನೆ. ಹುಲಿ ಮನೆ ಬಿಟ್ಟಿದ್ದಾಳೆ. ಹೊಳೆ ದಾಟಿ ಬಿದಿರಿನ ಕಡೆಗೆ ಹೋಗಿದ್ದಾಳೆ, ಹಿಂದೆ ಎರಡು ಮರಿಗಳು ತಮ್ಮ ಕಾಲ ಮೇಲೆಯೇ ನಡೆಯುತ್ತಿವೆ. ಮೂರನೆಯದು ಎಲ್ಲೂ ಕಾಣಿಸಿಲ್ಲ. ಮಳೆಯ ವಾರದ ನಂತರದ ಯಾವ ಚಿತ್ರದಲ್ಲೂ ಇಲ್ಲ. ತೀರಿಹೋಗಿದೆ ಎಂದೇ ನಾವು ಎಣಿಸುತ್ತೇವೆ. ನೀವು ಇಷ್ಟು ಬಿಟ್ಟುಕೊಟ್ಟ ಮೇಲೆ ಮೂರೂ ಉಳಿದವು ಎಂದು ಬರೆಯಬೇಕೆಂದು ಎಷ್ಟು ಆಸೆಪಟ್ಟಿದ್ದೆ. ಎರಡು ಉಳಿದಿವೆ. ಆ ಹೊಸ ಗಂಡು ಹುಲಿ ಎರಡು ಸಲ ಮನೆಸಾಲಿನ ಮುಂದೆಯೇ ಹಾದುಹೋಗಿದೆ, ಒಳಗೆ ನುಗ್ಗಿಲ್ಲ. ಆ ದಿನಗಳಲ್ಲಿ ಅವಳು ಬೇರೆಲ್ಲಾದರೂ ಬಯಲಿನಲ್ಲಿ ಇದ್ದಿದ್ದರೆ ನಾನು ಇಂದು ಎರಡು ಎಂದೂ ಬರೆಯುತ್ತಿರಲಿಲ್ಲ.

ನಿನ್ನೆ ನಾನೇ ಅಲ್ಲಿಗೆ ಹೋಗಿದ್ದೆ, ಇಬ್ಬರು ಕಾವಲುಗಾರರ ಜೊತೆಗೆ. ಮೊದಲ ಮನೆ ಅಕ್ಕ, ಇಷ್ಟು ದಿನ ನಿಮ್ಮ ಮನೆಯನ್ನು ಚಿತ್ರದಲ್ಲಿ ನೋಡಿದ್ದೆ. ಒಳಗೆ ಕಾಲಿಡಲು ಮನಸ್ಸಾಗಲಿಲ್ಲ, ಹೊಸ್ತಿಲಿನ ಹೊರಗೇ ನಿಂತೆ. ಕಿಟಕಿಯ ಕೆಳಗೆ ಒಣಹುಲ್ಲು ಒತ್ತಿ ಗುಂಡಿಯಾಗಿದೆ. ನೆಲದ ತುಂಬ ಜಿಂಕೆಯ ಕೂದಲು, ಜಗಿದು ಬಿಟ್ಟ ಮೂಳೆ. ಬಾಗಿಲ ಚೌಕಟ್ಟಿನ ಬುಡವನ್ನು ಮರಿಗಳು ಪರಚಿ ಹಾಳು ಮಾಡಿವೆ.

ನೀವು ಒಂದು ಪ್ರಶ್ನೆ ಕೇಳಿದ್ದಿರಿ, ಹಿಂದುಗಡೆಗೆ ಹೋಗುತ್ತಾ ಎಂದು. ಹೋಗಿವೆ. ಹುಲ್ಲಿನ ನಡುವೆ ಮರಿಗಳು ಹೊರಳಾಡಿದ ಗುರುತಿದೆ. ಸುತ್ತ ಇಟ್ಟ ಕಲ್ಲುಗಳಲ್ಲಿ ಕೆಲವು ಉರುಳಿವೆ. ಯಾವ ಪ್ರಾಣಿಯೂ ಅಗೆದಿಲ್ಲ, ಮಣ್ಣು ಕದಲಿಲ್ಲ. ಇದನ್ನು ಮಂಡಿಯೂರಿ ಕೂತು ಕೈಯಿಂದ ಮುಟ್ಟಿ ನೋಡಿ ಬರೆಯುತ್ತಿದ್ದೇನೆ.

ಕಳೆ ಸೊಂಟದೆತ್ತರ ಬೆಳೆದಿದೆ. ಕೀಳಬೇಕೆನಿಸಿತು. ಉರುಳಿದ ಕಲ್ಲುಗಳನ್ನು ಸಾಲಿಗೆ ಇಡಬೇಕೆನಿಸಿತು. ಒಂದು ಕಲ್ಲನ್ನು ಎತ್ತಿಯೂ ಬಿಟ್ಟೆ. ನಿಮ್ಮ ಋಣ ತೀರಿಸಲು ನನಗೆ ಬೇರೆ ದಾರಿಯೇ ಕಾಣುತ್ತಿರಲಿಲ್ಲ. ಆಮೇಲೆ, ಇದನ್ನು ಮಾಡಿದರೆ ಹಗುರಾಗುವುದು ಯಾರ ಮನಸ್ಸು ಎಂದು ಕೇಳಿಕೊಂಡೆ. ಕಲ್ಲನ್ನು ಬಿದ್ದಿದ್ದ ಜಾಗದಲ್ಲೇ ಇಟ್ಟೆ. ಒಂದು ಹುಲ್ಲುಕಡ್ಡಿಯನ್ನೂ ಕೀಳಲಿಲ್ಲ. ಆ ಕೆಲಸ ನಿಮ್ಮದು. ನೀವು ಬರುವವರೆಗೆ ಅದು ಹಾಗೇ ಇರುತ್ತದೆ.

ಮೇ ಇಪ್ಪತ್ತೊಂಬತ್ತಕ್ಕೆ ಅನುಮತಿ ಸಿಕ್ಕಿದೆ, ಇಡೀ ಊರಿಗೆ. ನೀವಿಬ್ಬರೂ ಹಿಂದಿನ ದಿನವೇ ಬನ್ನಿ, ಅದಕ್ಕೂ ಸಹಿ ಹಾಕಿಸಿದ್ದೇನೆ. ಗೇಟಿನಲ್ಲಿ ನಾನಿರುತ್ತೇನೆ. ಕಾವಲುಗಾರರು ಮನೆಯ ಮುಂದೆ ನಿಲ್ಲುತ್ತಾರೆ, ನಾನು ಹೊಳೆಯ ಈಚೆ ಕೂತಿರುತ್ತೇನೆ. ಎಷ್ಟು ಹೊತ್ತಾದರೂ ಆಗಲಿ, ಯಾರೂ ನಿಮ್ಮನ್ನು ಅವಸರಪಡಿಸುವುದಿಲ್ಲ. ಗಿರಣಿಯವರು ಮಾರನೆಯ ದಿನ ಬಂದು ಕಿತ್ತ ಕಳೆಯ ರಾಶಿಯನ್ನು ನೋಡಲಿ.

ನಿಮ್ಮಿಬ್ಬರ ಋಣಿ,
ಹುಲಿ ಮೇಡಂ

ಮತ್ತೆ: ತಾಯಿ ಹೊಳೆಯಾಚೆಯೇ ಉಳಿದಿದ್ದಾಳೆ, ತಿರುಗಿ ಬಂದಿಲ್ಲ ಎಂದು ಇನ್ನೊಂದು ಸಲ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮತ್ತೊಮ್ಮೆ ನಿಮ್ಮನ್ನು ಗೇಟಿನಿಂದ ವಾಪಸ್ ಕಳಿಸುವ ಹಾಗೆ ಆಗಬಾರದು. ಅಲ್ಲಿಯವರೆಗೆ ಈ ಪತ್ರ ನನ್ನ ಚೀಲದಲ್ಲಿರುತ್ತದೆ. ಅಂಚೆಗೆ ಹಾಕುವುದು ಮೇ ೨೦.